ಖಾಕಿಯಲ್ಲಿ ಹೀರೋ ಯಾರು?

ತೆರೆಯ ಮೇಲೆ ‘ಅಂತ’ದ (1981) ಇನ್ಸ್‌ಪೆಕ್ಟರ್ ಸುಶೀಲ್‌ಕುಮಾರ್ ಬಂದರೆ ಶಿಳ್ಳೆ ಹೊಡೀತೀವಿ. ಆಟ ಬಿಟ್ಟು ಟೀ ಅಂಗಡಿಗೆ ಬಂದ್ರೆ, ‘ಪೊಲೀಸರೆಲ್ಲ ಒಂದೇ ಕಣೋ’ ಅಂತೀವಿ! ಹಾಗಾದ್ರೆ ಒಳ್ಳೆಯವರಿಗೂ ಬೈಗುಳದಲ್ಲಿ ಪಾಲೇ?

2020ರ ಜೂನ್. ತಮಿಳುನಾಡಿನ ಸಾತ್ತಾನ್‌ಕುಳಂ. ಲಾಕ್‌ಡೌನಿನಲ್ಲಿ ಮೊಬೈಲ್ ಅಂಗಡಿ ಹೊತ್ತು ಮೀರಿ ತೆರೆದಿತ್ತೆಂದು ಪೊಲೀಸರು ಹಿಡಿದ ಜಯರಾಜ್, ಮಗ ಬೆನಿಕ್ಸ್ ಇಬ್ಬರೂ ಸತ್ತರು. ರಾತ್ರಿಯೆಲ್ಲ ಲಾಠಿಯೇಟು ಬಿತ್ತೆಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದವರು ಅದೇ ಠಾಣೆಯ ಹೆಡ್‌ಕಾನ್‌ಸ್ಟೇಬಲ್ ರೇವತಿ.

ಹೊಡೆಯದವನೆಲ್ಲ ಒಳ್ಳೆಯವನಲ್ಲ, ಗೆಳೆಯರೇ. ಕಂಡೂ ಬಾಯಿ ಮುಚ್ಚಿಕೊಂಡವನಿಗೆ ಪಾಪದಲ್ಲಿ ಪಾಲುಂಟು, ಬಾಯಿ ಬಿಟ್ಟವರಿಗಿಲ್ಲ. ಆಕೆ ಫೈಟ್ ಮಾಡಲಿಲ್ಲ, ಡೈಲಾಗ್ ಹೊಡೀಲಿಲ್ಲ. ಹೆದರುತ್ತಲೇ ಕಂಡದ್ದು ಹೇಳಿದರು. ಮುಂದಿನ ಶಿಳ್ಳೆ ಆ ಅಕ್ಕನಿಗಿರಲಿ!