ಸೋಲ್ ಸೋಲುವ ಮೊದಲು

ನಮ್ಮ ಕ್ಯಾಂಪಸ್ಸಿನಲ್ಲಿ ಹೈಕಿಂಗ್ ಶೂ ಹಾಕುವವರು ದಿನೇ ದಿನೇ ಜಾಸ್ತಿ ಆಗ್ತಿದ್ದಾರೆ. ಬೆಟ್ಟ ಹತ್ತುವವರು ಮಾತ್ರ ಮೊದಲಿನಷ್ಟೇ ಇದ್ದಾರೆ. ಇದರಲ್ಲಿ ತಪ್ಪೇನಿಲ್ಲ, ಚೆನ್ನಾಗಿ ಕಾಣೋ ಆಸೆ ಯಾರಿಗಿಲ್ಲ? ಆದರೆ ಕಾಲಿನ ಗಿಣ್ಣಿನ ಕೆಳಗೇ ಮುಗಿಯುವ ಈ ಲೋ-ಕಟ್ ಶೂಗಳು ಒಳ್ಳೆ ಬ್ರ್ಯಾಂಡಿನದ್ದಾದರೆ 10 ಸಾವಿರ ದಾಟುತ್ತವೆ. ನಮ್ಮಲ್ಲಿ ಬಹುತೇಕರಿಗೆ ಆ ದುಡ್ಡು ಬರೋದು ಮನೆಯಿಂದ. ಹಾಗಾಗಿ ಅಂದ ಹೆಚ್ಚೋ ಬಾಳಿಕೆ ಹೆಚ್ಚೋ ಅನ್ನೋ ಪ್ರಶ್ನೆಯನ್ನ ನಾವು ಸ್ವಲ್ಪ ಸೀರಿಯಸ್ಸಾಗಿಯೇ ಕೇಳಿಕೊಳ್ಳಬೇಕು.

ಈ ಶೂಗಳ ಅಡಿಯಲ್ಲಿರುವ ರಬ್ಬರ್ ಹಲ್ಲುಗಳು ಹುಟ್ಟಿದ್ದು ಶೋಕಿಗಲ್ಲ. 1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ವಿಟಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಸಂಗಾತಿಗಳು ಸತ್ತರು. ಆ ಹವೆಗೆ, ಆ ಬಂಡೆಗೆ ಅವರ ಬೂಟು ತಕ್ಕದ್ದಾಗಿರಲಿಲ್ಲ. 1937ರಲ್ಲಿ ಬ್ರಮಾನಿ ಹಲ್ಲುಗಳಿರುವ ರಬ್ಬರ್ ಸೋಲ್ ತಂದರು. ಇವತ್ತು ಸೋಲ್ ಮೇಲೆ ಹಳದಿ ಗುರುತಿನಲ್ಲಿ ಕಾಣುವ 'ವೈಬ್ರಮ್' ಅನ್ನೋದು ಅವರ ಹೆಸರಿನದೇ ತುಣುಕುಗಳು. ಫ್ಯಾಷನ್ ಬಂದಿದ್ದು ಎಷ್ಟೋ ಕಾಲದ ಮೇಲೆ. ಸಾಲೊಮನ್ ಕಂಪನಿಯ ಎಕ್ಸ್‌ಟಿ-6 ಶೂ 2013ರಲ್ಲಿ ಬೆಟ್ಟದ ದೂರದ ಓಟಕ್ಕೆಂದು ಬಂತು. ಈಗ ಅದನ್ನ ಕಾಫಿ ಕುಡಿಯೋಕೆ ಹೋಗುವವರೂ ಹಾಕ್ತಾರೆ.

ಹಾಗಾದ್ರೆ ಬಾಳಿಕೆ ಬರೋದನ್ನೇ ತಗೊಂಡ್ರೆ ಮುಗೀತಾ? ಅಷ್ಟು ಸುಲಭ ಇಲ್ಲ, ಯಾಕಂದ್ರೆ ಬಾಳಿಕೆ ಅನ್ನೋದು ಒಂದೇ ಗುಣ ಅಲ್ಲ. ಮೆತ್ತನೆಯ ರಬ್ಬರ್ ಒದ್ದೆ ಬಂಡೆಗೆ ಚೆನ್ನಾಗಿ ಅಂಟಿಕೊಳ್ಳುತ್ತೆ, ಆದರೆ ಬೇಗ ಸವೆಯುತ್ತೆ. ಗಟ್ಟಿ ರಬ್ಬರ್ ವರ್ಷಗಟ್ಟಲೆ ಬಾಳುತ್ತೆ, ಆದರೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರುತ್ತೆ. ಅದರ ಮೇಲಿನ ಮೆತ್ತೆಯ ಪದರದ್ದೂ ಇದೇ ಕಥೆ. ಹಗುರವಾದ ಇವಿಎ ಫೋಮ್ ನಡೆದಂತೆಲ್ಲ ಅಮುಕಿ ಸತ್ತು ಹೋಗುತ್ತೆ. ಪಾಲಿಯುರೆಥೇನ್ ತುಳಿತಕ್ಕೆ ಚೆನ್ನಾಗಿ ತಡೆಯುತ್ತೆ, ಆದರೆ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುತ್ತೆ. ಜೋಪಾನ ಮಾಡಿ ಬೀರುವಿನಲ್ಲಿ ಇಟ್ಟರೂ ಕೆಲವು ವರ್ಷಗಳಲ್ಲಿ ಪುಡಿಪುಡಿ ಆಗಬಹುದು.

ವಾಟರ್‌ಪ್ರೂಫ್ ಅಂತ ಜಾಸ್ತಿ ದುಡ್ಡು ಕೊಡೋದು ಇನ್ನೊಂದು. ಗೋರ್-ಟೆಕ್ಸ್ ಥರದ ಪೊರೆ ಹೊರಗಿನ ನೀರನ್ನ ತಡೆಯುತ್ತೆ, ನಿಜ. ಆದರೆ ಮಲೆನಾಡಿನ ಮಳೆಯಲ್ಲಿ ನೀರು ಲೋ-ಕಟ್ ಶೂಗೆ ನುಗ್ಗೋದು ಮೇಲಿಂದ, ಕಾಲಿನ ಸುತ್ತ ಇರೋ ಬಾಯಿಯಿಂದ. ಒಳಗೆ ಬಂದ ನೀರಿಗೆ ಅದೇ ಪೊರೆ ಅಣೆಕಟ್ಟಾಗುತ್ತೆ. ಮಳೆಗಾಲದ ಚಾರಣಕ್ಕೆ ಬೇಗ ನೀರು ಬಿಟ್ಟು ಒಣಗೋ ಜಾಲರಿ ಬಟ್ಟೆಯ ಶೂನೇ ವಾಸಿ. ಬೆಲೆಯೂ ಕಮ್ಮಿ.

ನಮ್ಮ ಮುಖ್ಯ ತಕರಾರು ಬೇರೆ. ಇಂಥ ಶೂ ಬೆಟ್ಟದಲ್ಲಿ ಸವೆಯೋದಕ್ಕಿಂತ ಹೆಚ್ಚಾಗಿ ಕ್ಯಾಂಪಸ್ಸಿನಲ್ಲೇ ಸವೆಯುತ್ತೆ. ಹಾಸ್ಟೆಲಿನಿಂದ ಮೆಸ್, ಮೆಸ್ಸಿನಿಂದ ಕ್ಲಾಸ್, ಕ್ಲಾಸಿಂದ ಲ್ಯಾಬ್, ಸಂಜೆ ಬಸ್‌ಸ್ಟಾಪ್: ಇದೆಲ್ಲ ಟಾರು, ಕಾಂಕ್ರೀಟು. ಮಣ್ಣಿಗೆ ಕಚ್ಚಿಕೊಳ್ಳೋಕೆ ಮಾಡಿದ ಹಲ್ಲುಗಳು ಇಲ್ಲಿ ಉಜ್ಜಿ ಉಜ್ಜಿ ಸವೆಯುತ್ತವೆ. ಇಡೀ ತೂಕ ಆ ಸಣ್ಣ ಹಲ್ಲುಗಳ ಮೇಲೇ ಬೀಳೋದರಿಂದ ಬೇಗನೇ ಸವೆಯುತ್ತವೆ. ಮೇಲ್ಭಾಗ ಮಾತ್ರ ತೊಳೆದರೆ ಹೊಸದರಂತೆ ಕಾಣುತ್ತೆ. ಅಪಾಯ ಇರೋದು ಇಲ್ಲೇ. ಸೆಮಿಸ್ಟರ್ ಮುಗಿದ ಮೇಲೆ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೊರಡುವಾಗ 'ಒಳ್ಳೆ ಶೂ ಇದೆಯಲ್ಲ' ಅಂದುಕೊಳ್ಳುತ್ತೇವೆ. ಇಳಿಯುವಾಗ, ಕಾಲು ಸೋತಿರುವಾಗ, ಒದ್ದೆ ಬಂಡೆಗೆ ಬ್ರ್ಯಾಂಡಿನ ಹೆಸರು ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಉಳಿದಿರುವ ಹಲ್ಲು ಮಾತ್ರ.

'ಎರಡು ಜೊತೆ ಕೊಳ್ಳೋಕೆ ದುಡ್ಡೆಲ್ಲಿದೆ?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಒಂದೇ ದುಬಾರಿ ಜೊತೆಗೆ ಕೊಡುವ ದುಡ್ಡಲ್ಲಿ ದಿನಕ್ಕೊಂದು ಸಾದಾ ಶೂ, ಬೆಟ್ಟಕ್ಕೊಂದು ಮಧ್ಯಮ ಬೆಲೆಯ ಶೂ ಎರಡೂ ಬರುತ್ತೆ. ಎರಡೂ ಹೆಚ್ಚು ದಿನ ಬಾಳುತ್ತವೆ. ಬೆಟ್ಟ ಹತ್ತೋ ಯೋಚನೆಯೇ ಇಲ್ಲದವರು ಬೆಟ್ಟದ ಸೋಲಿಗೆ ಯಾಕೆ ದುಡ್ಡು ಕೊಡಬೇಕು? ಅದೇ ಅಂದದ ಸ್ನೀಕರ್ ಇನ್ನೂ ಕಮ್ಮಿಗೆ ಸಿಗುತ್ತೆ.

ಅಂದವನ್ನ ಬಿಟ್ಟುಬಿಡಿ ಅಂತ ನಾವು ಹೇಳ್ತಿಲ್ಲ. ಬಣ್ಣದಿಂದ ಬಾಳಿಕೆಗೆ ನಷ್ಟ ಇಲ್ಲ, ಇಷ್ಟವಾದ ಬಣ್ಣ ಆರಿಸಿ. ಆದರೆ ಅಂದಕ್ಕೋಸ್ಕರ ಬೆರಳಿನ ಮುಂದಿನ ರಬ್ಬರ್ ಕಾಪು ತೆಗೆದಿದ್ದರೆ, ಕಾಲು ಮಡಚುವ ಜಾಗದಲ್ಲೇ ತುಂಡು ತುಂಡು ಜೋಡಿಸಿ ಹೊಲಿದಿದ್ದರೆ, ಅಂಗಡಿಯಲ್ಲೇ ವಾಪಸ್ ಇಡಿ. ಶೂ ಒರಗುವುದು ಬಹಳ ಸಲ ಅಲ್ಲಿಂದಲೇ. ಅಂಟು ಬಿಟ್ಟ ಸೋಲನ್ನ ಕಾಲೇಜ್ ಗೇಟಿನ ಹತ್ತಿರ ಕೂತು ಚಪ್ಪಲಿ ಹೊಲಿಯುವವರು ಸುತ್ತ ದಾರ ಹಾಕಿ ಉಳಿಸಿಕೊಡಬಲ್ಲರು. ಸವೆದ ಹಲ್ಲನ್ನ ಯಾರೂ ವಾಪಸ್ ತರಲಾರರು.

ಮುಂದಿನ ಸಲ ಚಾರಣಕ್ಕೆ ಹೊರಡೋ ಮುಂಚೆ ಶೂವನ್ನ ಮಗುಚಿ ನೋಡಿ. ಮೇಲಿನ ಭಾಗದ ಫೋಟೋ ಎಲ್ಲರೂ ತೆಗೀತಾರೆ. ನಮ್ಮನ್ನ ಇಳಿಸಿ ಮನೆಗೆ ತಲುಪಿಸೋದು ಕೆಳಗಿನ ಭಾಗ.