ಬೆಳ್ಳಿಯ ಹೂಜಿ

1790ರಲ್ಲಿ ದೊಡ್ಡ ವೀರರಾಜೇಂದ್ರನು ಟಿಪ್ಪುವಿನ ಸೈನ್ಯದಿಂದ ಭಾಗಮಂಡಲವನ್ನು ಮರಳಿ ಗೆದ್ದನು. ಆ ಕಾಳಗದಲ್ಲಿ ಭಗಂಡೇಶ್ವರ ದೇವಾಲಯದ ಮಾಡಿನ ಕೆಲವು ತಾಮ್ರದ ಹೆಂಚುಗಳು ಒಡೆದುವೆಂದೂ, ಅವುಗಳ ಸ್ಥಾನದಲ್ಲಿ ಅರಸನು ಬೆಳ್ಳಿಯ ಹೆಂಚುಗಳನ್ನು ಹೊದಿಸಿದನೆಂದೂ ಪ್ರತೀತಿಯುಂಟು. ಮುಕ್ಕಾದ ಜಾಗವನ್ನು ಮರೆಮಾಡದೆ, ಕಂಡವರೆಲ್ಲರಿಗೂ ತಿಳಿಯುವಂತೆ ಮಾಡಿದ ದುರಸ್ತಿ ಅದು.

ಇದೇ ನಾಡಿಗೆ ಬೆಳ್ಳಿ ಇನ್ನೊಂದು ದಾರಿಯಿಂದಲೂ ಬಂದಿತು. 1834ರಲ್ಲಿ ಕೊಡಗು ಆಂಗ್ಲರ ವಶವಾಯಿತು; 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿಯ ತೋಟವನ್ನು ತೆರೆದನು. ತೋಟದ ದೊರೆಗಳ ಕಾಲದ ವಿಲಾಯಿತಿ ಕಾಫಿಹೂಜಿಯೊಂದು ಮನೆಯ ಪೆಟ್ಟಿಗೆಯಲ್ಲಿ ದೊರೆತರೆ, ಅದನ್ನು ತಕ್ಕಡಿಗೆ ಏರಿಸುವ ಮೊದಲು ಅದರ ಮುದ್ರೆಗಳನ್ನು ನೋಡಬೇಕು. ನಡೆಯುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. ಒಂದು ಅಕ್ಷರವು ವರ್ಷವನ್ನು ತಿಳಿಸುತ್ತದೆ. ರಾಜನ ಅಥವಾ ರಾಣಿಯ ತಲೆಯೂ ಇದ್ದರೆ, ಅದು 1784 ಮತ್ತು 1890ರ ನಡುವೆ ಸುಂಕ ತೆತ್ತ ಸಾಮಾನು. ಸಿಂಹವಿಲ್ಲದೆ, ಅಂಚುಗಳಲ್ಲಿ ತಾಮ್ರದ ಕೆಂಪು ಇಣುಕಿದರೆ ಅದು ಬರಿಯ ಬೆಳ್ಳಿಯ ಹೊದಿಕೆ.

ಬಳಿಕ ಅಂಗಾಂಗಗಳ ಪರೀಕ್ಷೆ. ಬೆಳ್ಳಿ ಬಹು ಬೇಗ ಕಾಯುವ ಲೋಹವಾದುದರಿಂದ ಹಿಡಿಯನ್ನು ಮರದಿಂದ ಮಾಡುತ್ತಿದ್ದರು, ಇಲ್ಲವೆ ನಡುವೆ ದಂತದ ಬಿಲ್ಲೆಗಳನ್ನು ಸೇರಿಸುತ್ತಿದ್ದರು. ಆ ಸಂದುಗಳೂ, ಮುಚ್ಚಳದ ತಿರುಗಣಿಯೂ, ಕೊಕ್ಕಿನ ಬುಡವೂ ಮೊದಲು ಬಿರುಕು ಬಿಡುತ್ತವೆ. ಮೈಮೇಲೆ ಬಾಯಿಯ ಆವಿಯನ್ನು ಊದಿದರೆ ಹಳೆಯ ಬೆಸುಗೆಯ ಗೆರೆಗಳು ಕಾಣಿಸಿಕೊಳ್ಳುವುದುಂಟು. ಮಂಕಾದ ಬೂದುಬಣ್ಣದ ಗೆರೆ ಸೀಸದ ಬೆಸುಗೆಯ ಗುರುತು. ಹೊಟ್ಟೆಯ ಒಂದೆಡೆ ಒತ್ತಿದಾಗ ತೆಳ್ಳಗೆ ಬಳುಕಿದರೆ, ಹಿಂದಿನ ಒಡೆಯನ ಲಾಂಛನವನ್ನು ಯಾರೋ ಉಜ್ಜಿ ಅಳಿಸಿರಬಹುದು.

ಆದರೆ ಹೂಜಿಗೆ ಹೆಚ್ಚಿನ ಕೇಡು ಬರುವುದು ಮನೆಯವರ ಅಕ್ಕರೆಯಿಂದಲೇ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ಭಾಗಮಂಡಲದಂಥ ಮಳೆನಾಡಿನ ತೇವದಲ್ಲಿ ಇನ್ನೂ ಬೇಗ. ಹಬ್ಬದ ಮುನ್ನಾದಿನ ಗೃಹಿಣಿ ಹುಣಸೆಹಣ್ಣು, ಬೂದಿ ತಂದು ಉಜ್ಜುತ್ತಾಳೆ. ಕಪ್ಪಿನೊಡನೆ ಬೆಳ್ಳಿಯೂ ಹೋಗುತ್ತದೆ. ವರ್ಷಗಳು ಕಳೆದಂತೆ ಸಿಂಹ ಸವೆಯುತ್ತದೆ, ಅಕ್ಷರ ಅಳಿಯುತ್ತದೆ. ನಗ್ಗನ್ನು ನುರಿತ ಅಕ್ಕಸಾಲಿಗ ಎತ್ತಬಲ್ಲನು. ಸವೆದ ಮುದ್ರೆಯನ್ನು ಮರಳಿ ತರುವವರಿಲ್ಲ. ಬಿಸಿನೀರು, ಸ್ವಲ್ಪ ಸಾಬೂನು, ಮೆತ್ತನೆಯ ಬಟ್ಟೆ, ಒದ್ದೆಯಿಲ್ಲದಂತೆ ಒರೆಸಿಡುವುದು: ದಿನದ ಆರೈಕೆಗೆ ಇಷ್ಟು ಸಾಕು. ಹಿಡಿಯನ್ನು ಮಾತ್ರ ನೀರಿನಲ್ಲಿ ನೆನೆಯಿಡಬಾರದು.

ಮುರಿದ ಹಿಡಿಗೆ ಹೊಸ ಮರದ ಹಿಡಿ ಹಾಕಿಸಿದರೆ ಅದನ್ನು ಹಳೆಯದೆಂದು ತೋರಿಸುವ ಹಂಬಲವೂ ಬೇಡ. ಕೊಳ್ಳುವವನಿಗಾಗಲಿ, ಮೊಮ್ಮಕ್ಕಳಿಗಾಗಲಿ ಇದ್ದುದನ್ನು ಇದ್ದಂತೆ ಹೇಳಿದರಾಯಿತು. ತಾಮ್ರದ ಮಾಡಿನಲ್ಲಿ ಬೆಳ್ಳಿಯ ಹೆಂಚನ್ನು ಹೊದಿಸಿದ ಅರಸನನ್ನು ಆ ಊರು ಇಂದಿಗೂ ನೆನೆಯುತ್ತದೆ.