ಅಳೆಯದ ಸೇವೆ ದಾಸೋಹವಲ್ಲ



ನಮ್ಮ ಮಠ, ಸಂಘಗಳ ಆರೋಗ್ಯಸೇವೆಯ ವರದಿಗಳನ್ನು ಓದಿ ನೋಡಿ. ಯಾರು ಉದ್ಘಾಟಿಸಿದರು, ಯಂತ್ರ ಕೊಡಿಸಿದ ದಾನಿ ಯಾರು, ಎಷ್ಟು ಜನ ಬಂದರು ಎಂಬುದೆಲ್ಲ ಇರುತ್ತದೆ. ಬಂದವರಲ್ಲಿ ಎಷ್ಟು ಮಂದಿ ಗುಣವಾದರು ಎಂಬುದು ಮಾತ್ರ ಇರುವುದಿಲ್ಲ. ಸರಕಾರಿ ಕಾಮಗಾರಿಯಲ್ಲಿ ಕಾಂಕ್ರೀಟಿನ ಕ್ಯೂಬನ್ನು 28ನೆಯ ದಿನ ಒತ್ತಿ ಪರೀಕ್ಷಿಸುತ್ತೇವೆ. ಸೇತುವೆಗಿರುವ ಈ ನಿಯಮ ಬಾಣಂತಿಗೆ ಏಕಿಲ್ಲ?

‘ಭಕ್ತಿಯ ಸೇವೆಗೆ ಲೆಕ್ಕವೇಕೆ?’ ಎನ್ನುವವರು ಬೆಳಗಾವಿಯತ್ತ ನೋಡಲಿ. 1916ರಲ್ಲಿ ನಮ್ಮ ಸಮಾಜದ ಏಳು ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಹೆರಿಗೆಗಳನ್ನು ಅಧ್ಯಯನ ಮಾಡಿದರು. ಹೆರಿಗೆಯಾದೊಡನೆ ದಾದಿ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟವರಲ್ಲಿ ಅತಿರಕ್ತಸ್ರಾವ ನೂರಕ್ಕೆ 6.4, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ 12. ಇದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ರಕ್ತವನ್ನು ಅಳೆಯಲು ಅವರು ಬಳಸಿದ್ದು ಅಳತೆಯ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಚೀಲ. ಹೋಲಿಸಿ ನೋಡಿದಾಗ ಕಣ್ಣಂದಾಜು ಸುಮಾರು ಮೂರನೆಯ ಒಂದು ಭಾಗ ಕಡಿಮೆ ತೋರಿಸುತ್ತಿತ್ತು! ಇಂಥದೇ ಚೀಲದಿಂದ ಅಳೆದು, ಕೂಡಲೇ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಕೊಡುವ ಕ್ರಮವನ್ನು ಆಫ್ರಿಕದ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವು ಒಟ್ಟಾರೆ ನೂರಕ್ಕೆ 60ರಷ್ಟು ಇಳಿದವೆಂದು 2023ರಲ್ಲಿ ವರದಿಯಾಯಿತು. ಶಂಕರನಾರಾಯಣದಂಥ ಊರಿನಲ್ಲಿ ಬಾಣಂತಿಯ ರಕ್ತ ನಿಲ್ಲದಿದ್ದರೆ ಕುಂದಾಪುರಕ್ಕೋ ಮಣಿಪಾಲಕ್ಕೋ ಓಡಬೇಕು. ಹೊರಡುವ ಗಳಿಗೆ ಯಾವುದೆಂದು ಹೇಳುವುದು ಆ ಅಳತೆಯೇ.

ಗೋಡೆಗೆ ಪಟ್ಟಿ ಅಂಟಿಸಿದರೂ ಸಾಲದು. ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಹೆರಿಗೆಯ ತಪಾಸಣಾ ಪಟ್ಟಿಯನ್ನು ಜಾರಿಗೆ ತಂದು ಪರೀಕ್ಷಿಸಿದಾಗ ಸಿಬ್ಬಂದಿಯ ಕ್ರಮ ಸುಧಾರಿಸಿತು, ಸಾವು ಗಣನೀಯವಾಗಿ ಇಳಿಯಲಿಲ್ಲ. 2017ರ ಆ ಪಾಠ ಸ್ಪಷ್ಟ: ಫಾರಂ ತುಂಬಿದ್ದನ್ನಲ್ಲ, ಜೀವ ಉಳಿದದ್ದನ್ನು ಎಣಿಸಬೇಕು.

ಬಸವಾದಿ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ಜನನಸೂತಕ ಅವುಗಳಲ್ಲೊಂದು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಹೆರಿಗೆಯ ರಕ್ತ ಇನ್ನೂ ಮೈಲಿಗೆ. ಮೈಲಿಗೆಯೆಂದು ಮುಖ ತಿರುಗಿಸುವವರು ಅದನ್ನು ಅಳೆಯುವುದು ಹೇಗೆ? ಸೂತಕವಿಲ್ಲವೆಂದು ವೇದಿಕೆಯಲ್ಲಿ ಹೇಳಿದರೆ ಮುಗಿಯಲಿಲ್ಲ. ಆ ಮಾತು ಹೆರಿಗೆ ಕೋಣೆಯಲ್ಲಿ ಆಚರಣೆಗೆ ಬರಬೇಕು.

ನಾನು ಕೇಳುವುದು ಮೂರೇ. ನಮ್ಮವರು ನಡೆಸುವ ಪ್ರತಿ ಆಸ್ಪತ್ರೆ ವರ್ಷಕ್ಕೊಮ್ಮೆ ಹೆರಿಗೆ, ಅತಿರಕ್ತಸ್ರಾವ, ಸಾವು ಮತ್ತು ಅದರ ಕಾರಣಗಳನ್ನು ಹೆಸರಿಲ್ಲದೆ ಪ್ರಕಟಿಸಲಿ. ಔಷಧ ಪ್ರಯೋಗ ನಡೆಸಿದರೆ, 2009ರಿಂದ ಕಡ್ಡಾಯವಾಗಿರುವ ರಾಷ್ಟ್ರೀಯ ನೋಂದಣಿಯ ಸಂಖ್ಯೆಯನ್ನು ಫಲಕದಲ್ಲಿ ಬರೆಯಲಿ. ಒಪ್ಪಿಗೆ ಪತ್ರವನ್ನು ರೋಗಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಮುನ್ನ ಈ ಲೆಕ್ಕ ಕೇಳಲಿ.

ಕಾಯಕವೆಂದರೆ ಫಲಕ್ಕೆ ಹೊಣೆಯಾಗುವುದು. ಹೊಣೆ ಹೊರದ ಸೇವೆ ಬರಿಯ ಪ್ರದರ್ಶನ.